ಹುಲ್ಲುಗಾವಲಿನ ಹಾಡು

ಚಿಕ್ಕಜಾಜೂರಿನಿಂದ ಬಳ್ಳಾರಿಯ ಕಡೆಗೆ ಹೋಗುವ ರೈಲು ಚಿತ್ರದುರ್ಗದ ಗುಡ್ಡಗಳನ್ನು ದಾಟಿ ಚಳ್ಳಕೆರೆಯನ್ನು ಸಮೀಪಿಸಿದಂತೆಲ್ಲ ಮರಗಳು ವಿರಳವಾಗಿ ಬಯಲು ವಿಸ್ತಾರವಾಗುತ್ತದೆ. ಮಳೆ ಕಡಿಮೆಯಾದ ಸೀಮೆಯಿದು. ಶೇಂಗಾ, ಎಣ್ಣೆಯ ಗಿರಣಿ, ಕುರಿಯುಣ್ಣೆಯ ಕರಿಯ ಕಂಬಳಿ, ಇವುಗಳಿಂದ ಊರಿಗೆ ಹೆಸರು. ನಾವು ಹೋದದ್ದು ಮಾತ್ರ ಇವು ಯಾವುದಕ್ಕೂ ಅಲ್ಲ. ಕಾಡುಗೊಲ್ಲರ ಗಣೆಯನ್ನು ಕೇಳಬೇಕೆಂದು.

ಅಮೆರಿಕದಲ್ಲಿ ನೆಲೆಸಿರುವ ನನ್ನ ತಂಗಿಯ ಮಗ ರಜಕ್ಕೆ ಬಂದಿದ್ದನು. ಅವನಿಗೆ ಅಲ್ಲಿನ ‘ಬ್ಲೂಗ್ರಾಸ್’ ಸಂಗೀತದ ಹುಚ್ಚು. ಕೆಂಟಕಿ ಪ್ರಾಂತಕ್ಕೆ ಅಲ್ಲಿನ ಹುಲ್ಲಿನಿಂದ ಬಂದ ಅಡ್ಡಹೆಸರನ್ನೇ ಬಿಲ್ ಮನ್ರೋ ಎಂಬಾತನು 1930ರ ದಶಕದ ಕೊನೆಯಲ್ಲಿ ತನ್ನ ಮೇಳಕ್ಕೆ ಇಟ್ಟನಂತೆ. ಮುಂದೆ ಆ ಬಗೆಯ ಸಂಗೀತಕ್ಕೂ ಅದೇ ಹೆಸರು ನಿಂತಿತು. ಆ ಬೇರಿನಿಂದ ಚಿಗುರಿದ ಇಂದಿನ ‘ಜ್ಯಾಮ್’ ಮೇಳಗಳು ಒಂದು ರಾತ್ರಿ ನುಡಿಸಿದಂತೆ ಇನ್ನೊಂದು ರಾತ್ರಿ ನುಡಿಸವು. ಆದಕಾರಣ ರಸಿಕರು ಅವುಗಳ ಹಿಂದೆ ಊರೂರು ಅಲೆಯುತ್ತಾರೆಂದು ಅವನು ವರ್ಣಿಸಿದನು. “ಹುಲ್ಲಿನ ಸಂಗೀತ ನಮ್ಮಲ್ಲಿಯೂ ಉಂಟಪ್ಪಾ, ಬಾ” ಎಂದು ಕರೆದುಕೊಂಡು ಹೊರಟೆ.

ಗೊಲ್ಲರಹಟ್ಟಿಯೊಂದಕ್ಕೆ ಮಧ್ಯಾಹ್ನ ಮುಟ್ಟಿದೆವು. ಹಟ್ಟಿಯ ಸುತ್ತಲೂ ಕಳ್ಳೆಯ ಬೇಲಿ. ನಡುವೆ ದೇವರ ಗುಡಿ. ಗಣೆಯೆಂದರೆ ಬಿದಿರಿನ ಉದ್ದನೆಯ ಕೊಳಲು. ವೃದ್ಧರೊಬ್ಬರು ಬೇವಿನ ನೆರಳಿನಲ್ಲಿ ಕುಳಿತು, ದನಕಾಯ್ದ ವೀರನಾದ ಜುಂಜಪ್ಪನ ಕಥೆಯಿಂದ ಒಂದು ಭಾಗವನ್ನು ನಮಗೋಸ್ಕರ ಹಾಡಿದರು. ನಾನು ಪುಸ್ತಕ ತೆಗೆದು ಒಂದೊಂದು ಸೊಲ್ಲನ್ನೂ ಬರೆದುಕೊಂಡೆನು.

ರಾತ್ರಿ ಊಟವಾದ ಮೇಲೆ ಹಟ್ಟಿಯವರೆಲ್ಲರೂ ಗುಡಿಯ ಮುಂದೆ ನೆರೆದರು. ಗಣೆ ಮೊದಲು ಗಾಳಿಯಂತೆ ಸುಯ್ದು, ಬಳಿಕ ದೂರದಲ್ಲಿ ಯಾರೋ ಮಂದೆಯನ್ನು ಕರೆಯುತ್ತಿರುವಂತೆ ಕೇಳಿಸಿತು. ಒಂದು ಸೊಲ್ಲು ಊದುವುದು, ಒಂದು ಸೊಲ್ಲು ಹಾಡುವುದು; ಸುತ್ತ ಕುಳಿತವರು ದನಿಗೂಡಿಸುವುದು. ಕಥೆ ಅದೇ. ಆದರೆ ನಾನು ದೀಪದ ಬೆಳಕಿನಲ್ಲಿ ಹಿಡಿದಿದ್ದ ಪುಸ್ತಕಕ್ಕೂ ಹಾಡಿಗೂ ತಾಳೆಯಾಗಲಿಲ್ಲ! ಹಸುಗಳ ಹೆಸರುಗಳು ಹೆಚ್ಚಿದವು. ಹೆಂಗಸರು ಕಣ್ಣೊರಸಿಕೊಂಡ ಕಡೆಯಲ್ಲಿ ಹಾಡು ನಿಂತು, ಮತ್ತೆ ಹಿಂದಿರುಗಿ, ಅದೇ ದುಃಖವನ್ನು ಇನ್ನೊಂದು ಮಾತಿನಲ್ಲಿ ಹೇಳಿತು.

ಬೆಳಗ್ಗೆ ನಾನು ಅನುಮಾನದಿಂದಲೇ, “ಎರಡರಲ್ಲಿ ಯಾವುದು ಸರಿ, ಅಜ್ಜಾ?” ಎಂದು ಕೇಳಿದೆನು. ವೃದ್ಧರು ನಕ್ಕು, “ದನ ದಿನಾ ಅದೇ ಹಾದೀಲಿ ಹೋಗ್ತಾವೆ ಸ್ವಾಮಿ. ಅಂಗಂತ ನಿನ್ನೆ ಮೇದ ಹುಲ್ಲನ್ನೇ ಇವತ್ತು ಮೇಯ್ತಾವಾ?” ಎಂದರು. ತಂಗಿಯ ಮಗ ಮಾತನಾಡಲಿಲ್ಲ. ಅವನ ಮುಖವೇ ಎಲ್ಲವನ್ನೂ ಹೇಳುತ್ತಿತ್ತು.

ಇದೇ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಓದುಬರಹ ಬಲ್ಲವರಲ್ಲ. ಆದರೂ ಅವರ ನಾಲಗೆಯಲ್ಲಿ ಸಾವಿರಾರು ಪದಗಳಿದ್ದವು. ಕೃಷ್ಣಮೂರ್ತಿ ಹನೂರರು ಅವರಿಂದ ಹಾಡುಗಳನ್ನು ಸಂಗ್ರಹಿಸಿ ಮಹದುಪಕಾರ ಮಾಡಿದ್ದಾರೆ. ಆ ಪುಸ್ತಕಗಳು ಇರಲೇಬೇಕು. ಆದರೆ ಬರೆದ ಹಾಡು ಒಂದು ದಿನದ ಮೇವು ಮಾತ್ರವೆಂಬುದನ್ನು ನಾನು ಆ ರಾತ್ರಿ ಕಂಡೆನು.

ಹಿಂದಿರುಗುವಾಗ ಕುದಾಪುರದ ದಾರಿಯಲ್ಲಿ ಉದ್ದನೆಯ ಗೋಡೆಗಳು ಕಂಡವು. ಮೈಸೂರು ಅರಸರ ಕಾಲದಿಂದ ರಾಸುಗಳಿಗೆ ಮೀಸಲಾಗಿದ್ದ ಅಮೃತಮಹಲ್ ಕಾವಲಿನಲ್ಲಿ, 2010ರ ಸುಮಾರಿಗೆ, ಹತ್ತು ಸಾವಿರ ಎಕರೆಯಷ್ಟು ಭೂಮಿ ರಕ್ಷಣಾ ಸಂಶೋಧನೆ, ಅಣುಶಕ್ತಿ, ಬಾಹ್ಯಾಕಾಶ ಮತ್ತು ವಿಜ್ಞಾನದ ಸಂಸ್ಥೆಗಳಿಗೆ ಸಂದಿತು. ದೇಶಕ್ಕೆ ಇವೂ ಬೇಕು, ಅಲ್ಲವೆನ್ನಲಾರೆ. ಆದರೂ ಗೋಡೆಯ ಹೊರಗೆ ಕುರಿಗಳನ್ನು ಹೊಡೆದುಕೊಂಡು ಹೋಗುತ್ತಿದ್ದ ಹುಡುಗನನ್ನು ಕಂಡಾಗ ಅಜ್ಜನ ಮಾತು ನೆನಪಿಗೆ ಬಂದಿತು. ದಿನದಿನಕ್ಕೂ ಹೊಸ ಹುಲ್ಲು ಮೇಯಬೇಕಾದ ಹಾಡಿಗೆ ಹಾದಿಯೂ ತೆರೆದಿರಬೇಕಲ್ಲವೇ?

ಓದುಗರು ಆ ಕಡೆ ಹೋದರೆ ಒಂದು ರಾತ್ರಿ ತಂಗಿ ಕೇಳಿರಿ. ಪುಸ್ತಕವನ್ನು ಮನೆಯಲ್ಲಿಯೇ ಬಿಟ್ಟು ಹೋದರೂ ಚಿಂತೆಯಿಲ್ಲ.