ಕಿಟಕಿಯಿಲ್ಲದ ಕ್ಯಾಬಿನ್

ದೊಡ್ಡ ಕ್ರೂಸ್ ಹಡಗು ಅಂದ್ರೆ ಎಲ್ಲರ ಕಣ್ಣೂ ಬಾಲ್ಕನಿ ಮೇಲೆ. ನನ್ನ ಕೇಳಿದ್ರೆ ಒಳಗಿನ, ಕಿಟಕಿಯೇ ಇಲ್ಲದ ಕ್ಯಾಬಿನ್ನೇ ವಾಸಿ. ದುಡ್ಡು ಕಮ್ಮಿ, ಲೈಟ್ ಆರಿಸಿದ್ರೆ ಗವ್ವೆನ್ನುವ ಕತ್ತಲೆ, ಗಡದ್ದಾಗಿ ನಿದ್ದೆ. ಹಡಗಿನ ನಡುಭಾಗದಲ್ಲಿ, ಕೆಳಗಿನ ಡೆಕ್‌ನಲ್ಲಿ ಸಿಕ್ಕಿದ್ರೆ ಓಲಾಟವೂ ಕಡಿಮೆ. ಗೋಡೆಗಳು ಸಾಮಾನ್ಯವಾಗಿ ಉಕ್ಕಿನವು. ಮ್ಯಾಗ್ನೆಟ್ ಕೊಕ್ಕೆ ಒಯ್ದರೆ ಟೋಪಿ, ಬ್ಯಾಗು, ಒದ್ದೆ ಟವೆಲು ಎಲ್ಲಕ್ಕೂ ಜಾಗ. ಸಮುದ್ರ ನೋಡಲೇಬೇಕಾ? ಮೇಲೆ ಡೆಕ್ ಇದೆಯಲ್ಲ, ಪುಕ್ಕಟೆ.

2011ರಲ್ಲಿ ಓಡಾಟ ಶುರುಮಾಡಿದ 'ಡಿಸ್ನಿ ಡ್ರೀಮ್' ಹಡಗಿನ ಒಳಕ್ಯಾಬಿನ್‌ಗಳ ಗೋಡೆಯಲ್ಲಿ ದುಂಡನೆಯ ಪರದೆ. ಹೊರಗಿನ ಕ್ಯಾಮೆರಾದಿಂದ ಕಡಲಿನ ನೇರಪ್ರಸಾರ; ನಡುನಡುವೆ ಕಾರ್ಟೂನ್ ನಕ್ಷತ್ರಮೀನೊಂದು ಬಂದು ಇಣುಕುತ್ತೆ. ಅತ್ತ 'ಓಯಸಿಸ್ ಆಫ್ ದಿ ಸೀಸ್'ನಲ್ಲಿ ಕೆಲವು ಬಾಲ್ಕನಿಗಳು ಹಡಗಿನೊಳಗಿನ ತೋಟಕ್ಕೇ ಮುಖ ಮಾಡಿವೆ. ಅಷ್ಟು ದೂರ ಸಮುದ್ರಕ್ಕೆ ಹೋಗಿ ಎದುರುಮನೆಯವರ ಬಾಲ್ಕನಿ ನೋಡೋಕೆ ಎಕ್ಸ್‌ಟ್ರಾ ದುಡ್ಡು ಬೇರೆ!