ಹೊಳಿ ಎಣಿಸುವ ಆಟ

ಪುಣೆಯಿಂದ ಧಾರವಾಡಕ್ಕೆ ಕಾರಿನಲ್ಲಿ ಹೋದರೆ 400 ಕಿಲೋಮೀಟರಿಗೂ ಹೆಚ್ಚು. ಚಹಾ, ಊಟ, ಟೋಲ್ ನಾಕಾ ಎಲ್ಲ ಸೇರಿ ಎಂಟು ತಾಸು ಹಿಡಿಯುತ್ತದೆ. ದೊಡ್ಡವರಿಗೆ ಇದೇನು ದೂರವಲ್ಲ. ಆದರೆ ಹಿಂದಿನ ಸೀಟಿನಲ್ಲಿ ಎರಡು ಮಕ್ಕಳು ಕೂತಿದ್ದರೆ ಅದೇ ದಾರಿ ಕಾಶಿಯಾತ್ರೆ ಆಗಿಬಿಡುತ್ತದೆ.

2022ರ ದೀಪಾವಳಿಗೆ ಹೊರಟಿದ್ದೆವು. ಮಗ ಗಾಡಿ ನಡೆಸುತ್ತಿದ್ದ, ಪಕ್ಕದಲ್ಲಿ ನಾನು. ಹಿಂದೆ ಸೊಸೆ, ಒಂಬತ್ತು ವರ್ಷದ ಮೊಮ್ಮಗಳು, ಆರು ವರ್ಷದ ಮೊಮ್ಮಗ. ಸೊಸೆ ಸಾತಾರಾ ಕಡೆಯ ಮರಾಠಿ ಹುಡುಗಿ, ಬಹಳ ಪ್ರೀತಿಯ ಹೆಣ್ಣುಮಗಳು. ಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷು. ಕನ್ನಡ ಉಳಿದದ್ದು ನನ್ನ ಮತ್ತು ಮಗನ ನಡುವೆ ಮಾತ್ರ. ಅದೂ ‘ಊಟ ಆತೇನು’, ‘ಗುಳಿಗಿ ತಗೊಂಡ್ರೇನು’ ಎನ್ನುವಷ್ಟು.

ಊರು ದಾಟುವ ಮೊದಲೇ ಮಕ್ಕಳ ಕೈಗೆ ಟ್ಯಾಬ್ ಬಂತು. ಗದ್ದಲ ಇಲ್ಲವಲ್ಲ ಎಂದು ನನಗೂ ಸಮಾಧಾನವೇ. ಖಂಬಾಟಕಿ ಘಾಟಿನ ತಿರುವುಗಳಲ್ಲಿ ಮೊಮ್ಮಗ ವಾಂತಿ ಮಾಡಿಕೊಂಡ. ಕಣ್ಣು ಕೈಯಲ್ಲಿನ ಪರದೆಗೆ ಅಂಟಿಕೊಂಡು ‘ನಾನು ಕೂತಲ್ಲೇ ಇದ್ದೇನೆ’ ಅನ್ನುತ್ತದೆ. ಕಿವಿಯ ಒಳಗೆ ಸಮತೋಲ ನೋಡಿಕೊಳ್ಳುವ ಅಂಗ ‘ಇಲ್ಲ, ಹೊರಳುತ್ತಿದ್ದೇನೆ’ ಅನ್ನುತ್ತದೆ. ನಮ್ಮ ಬ್ಯಾಂಕಿನ ಮಾತಿನಲ್ಲಿ ಹೇಳಿದರೆ, ಎರಡು ಲೆಜರು ಟ್ಯಾಲಿ ಆಗುವುದಿಲ್ಲ. ಕಿಟಕಿಯಾಚೆ ದೂರಕ್ಕೆ ನೋಡಿದರೆ ಎಷ್ಟೋ ವಾಸಿ. ಸೊಸೆ ಟ್ಯಾಬ್ ಚೀಲಕ್ಕೆ ಹಾಕಿದಳು. ಐದೇ ನಿಮಿಷಕ್ಕೆ ಶುರುವಾಯಿತು: “ಆಜೋಬಾ, ಅಜೂನ್ ಕಿತೀ ವೇಳ್?” ಇನ್ನೂ ಎಷ್ಟು ಹೊತ್ತು ಅಂತ.

ನನಗೆ ಗೊತ್ತಿದ್ದದ್ದು ಅಂಕಿಯ ಆಟ ಒಂದೇ. ಮುಂದೆ ಹೋಗುವ ಗಾಡಿಯ ನಂಬರು ಕೂಡಿಸುವುದು, ಒಂದೇ ಅಂಕಿ ಉಳಿಯುವವರೆಗೂ ಕೂಡಿಸುತ್ತ ಹೋಗುವುದು. ಕೊನೆಗೆ ಒಂಬತ್ತು ಉಳಿದರೆ ಆ ಸಂಖ್ಯೆ ಒಂಬತ್ತರಿಂದ ಭಾಗವಾಗುತ್ತದೆ. ಅದರ ಜೊತೆಗೆ ಗಾಡಿ ಯಾವ ಊರಿನದು ಅಂತಲೂ ಹೇಳಬೇಕು. ಎಂಎಚ್ 12 ಪುಣೆ, 11 ಸಾತಾರಾ, 50 ಕರಾಡ, 09 ಕೊಲ್ಹಾಪುರ. ಮೊಮ್ಮಗಳು ಖುಷಿಯಿಂದ ಆಡಿದಳು. ಚಿಕ್ಕವನಿಗೆ ಕೂಡಿಸಲು ಬರದೆ ಅಳುವೇ ಬಂತು.

ಆಗ ಮಗ ರಸ್ತೆಯಿಂದ ಕಣ್ಣು ತೆಗೆಯದೆ, ಕನ್ನಡದಲ್ಲಿ ಕೇಳಿದ: “ಮುಂದಿನ ಹೊಳಿ ಯಾವುದು, ಹೇಳ್ರಿ ನೋಡೋಣ?”

ಎದೆ ಝಲ್ ಅಂದಿತು. ಅದು ನನ್ನ ಹೆಂಡತಿಯ ಆಟ.

1994ರಲ್ಲಿ ನಾವು ಮಾರುತಿ 800 ಕೊಂಡಾಗ ಮಗನಿಗೆ ಏಳು ವರ್ಷ. ಆಗ ಈ ರಸ್ತೆ ಇಷ್ಟು ಅಗಲ ಇರಲಿಲ್ಲ, ಎದುರಿಗೆ ಬರುವ ಲಾರಿ ನೋಡಿಕೊಂಡೇ ಹೋಗಬೇಕು. ಅವನನ್ನು ಸುಮ್ಮನಿರಿಸಲು ಆಕೆ ಹೊಳೆ ಎಣಿಸುವ ಆಟ ಹೂಡಿದ್ದಳು. ಸೇತುವೆ ಬರುವ ಮೊದಲು ಹೊಳೆಯ ಹೆಸರು ಹೇಳಿದರೆ ಒಂದು ಅಂಕ. ಅದು ಯಾವ ಹೊಳೆಗೆ ಸೇರುತ್ತದೆ ಎಂದು ಹೇಳಿದರೆ ಎರಡು. ಸೋತವರು ಒಂದು ಒಗಟು ಹೇಳಬೇಕು. ನಾನು? ಪೆಟ್ರೋಲಿನ ಲೆಕ್ಕ, ಸೋಮವಾರದ ಶಾಖೆಯ ಚಿಂತೆ. “ಸ್ವಲ್ಪ ಬಾಯಿ ಮುಚ್ಚಿಕೊಂಡ ಕೂಡ್ರಿ” ಎಂದು ಗದರಿಸಿದ್ದೇ ಹೆಚ್ಚು. 2017ರಲ್ಲಿ ಆಕೆ ಹೋದಳು. ಆಟವೂ ಆಕೆಯ ಜೊತೆ ಹೋಯಿತೆಂದೇ ತಿಳಿದಿದ್ದೆ.

ಮಗನಿಗೆ ಎಲ್ಲ ಬಾಯಿಪಾಠ. ಕೃಷ್ಣಾ, ವೆಣ್ಣಾ, ಉರ್ಮೋಡಿ. ಕರಾಡದಲ್ಲಿ ಕೊಯ್ನಾ. ಆಮೇಲೆ ವಾರಣಾ, ಪಂಚಗಂಗಾ, ದೂಧಗಂಗಾ, ನಿಪ್ಪಾಣಿಯ ಹತ್ತಿರ ವೇದಗಂಗಾ. “ಬೆಳಗ್ಗೆ ದಾಟಿದಿವಲ್ಲಾ ನೀರಾ, ಅದು ಎಲ್ಲಿಗೆ ಹೊಂಟದ, ಅಪ್ಪಾ?” ಎಂದು ನನ್ನನ್ನೇ ಕೇಳಿದ. ನನಗೆ ಹೊಳೆಯಲಿಲ್ಲ. “ಭೀಮಾಕ್ಕ. ಭೀಮಾ ಮತ್ತ ಕೃಷ್ಣಾಕ್ಕ. ಅವ್ವ ಹೇಳತಿದ್ದಳಲ್ಲ, ಎಲ್ಲಾರೂ ಕೃಷ್ಣವ್ವನ ಮನಿಗೇ ಹೊಂಟಾರ ಅಂತ.” ನೂರಾರು ಸಲ ಅದೇ ಕಾರಿನಲ್ಲಿ ಕೂತು ಕೇಳಿದ ಮಾತು ನನ್ನ ಕಿವಿಗೆ ಬಿದ್ದಿರಲೇ ಇಲ್ಲ. ಒಗಟು ನಾನೇ ಹೇಳಬೇಕಾಯಿತು. ಸೊಸೆಗೆ ಅರ್ಥ ಮಾಡಿಸಲು ಅರ್ಧ ದಾರಿ ಹಿಡಿಯಿತು, ಎಲ್ಲರೂ ನಕ್ಕರು.

ನಿಪ್ಪಾಣಿ ದಾಟಿದ ಮೇಲೆ ನಮ್ಮ ವಾಯವ್ಯ ಸಾರಿಗೆಯ ಬಸ್ಸೊಂದು ಮುಂದೆ ಹೋಗುತ್ತಿತ್ತು. ಮೊಮ್ಮಗಳು ಅದರ ಫಲಕ ತೋರಿಸಿ, ಏನು ಬರೆದಿದ್ದಾರೆ ಎಂದು ಅಪ್ಪನನ್ನು ಕೇಳಿದಳು. ಮಗ ಸುಮ್ಮನಾದ. ಹೊಳೆಗಳೆಲ್ಲ ಗೊತ್ತಿದ್ದವನಿಗೆ ಕನ್ನಡ ಓದಲು ಬರುವುದಿಲ್ಲ. “ಮುಂದಿನ ಸೂಟಿಯೊಳಗ ಕಲಸ್ತೀನಿ” ಎಂದು ನಾನು ವರ್ಷ ವರ್ಷ ಮುಂದೂಡಿದ್ದೆ. ಸೂಟಿಗಳು ಮುಗಿದವು, ಅವನು ದೊಡ್ಡವನಾದ. ಸಾಲ ವಸೂಲಿಗೆ ಊರೂರು ಅಲೆದವನು ನಾನು, ನನ್ನ ಮನೆಯ ಈ ಬಾಕಿ ಮಾತ್ರ ಕಣ್ಣಿಗೆ ಬೀಳಲಿಲ್ಲ.

“ಬೆಳಗಾವಿ” ಎಂದು ನಾನೇ ಓದಿದೆ. ಸಂಕೇಶ್ವರದ ಹಿರಣ್ಯಕೇಶಿ ದಾಟುವಾಗ ಹೊಸ ಆಟ ಶುರು ಮಾಡಿದೆ. ಅಂಗಡಿ ಫಲಕಗಳಲ್ಲಿ ‘ಕ’ ಹುಡುಕುವುದು, ಆಮೇಲೆ ‘ಗ’, ‘ಮ’. ಶಾಲೆಯಲ್ಲಿ ದೇವನಾಗರಿ ಕಲಿತ ಮಗುವಿಗೆ ಕನ್ನಡ ಕಷ್ಟವಲ್ಲ. ಕ ಖ ಗ ಘ ಎಂಬ ಸಾಲು ಅದೇ, ಬರಿ ರೂಪ ಬೇರೆ. ಘಟಪ್ರಭಾ, ಮಾರ್ಕಂಡೇಯ ಕಳೆದು ಎಂ.ಕೆ. ಹುಬ್ಬಳ್ಳಿಯ ಮಲಪ್ರಭಾ ಬರುವ ಹೊತ್ತಿಗೆ ಆಕೆ ಏಳು ಅಕ್ಷರ ಹಿಡಿದಿದ್ದಳು. ಚಿಕ್ಕವನು ನಿದ್ದೆ ಹೋಗಿದ್ದ. ಟ್ಯಾಬ್ ಚೀಲದಲ್ಲೇ ಇತ್ತು.

ಇದು ಟ್ಯಾಬಿನ ಮೇಲಿನ ದೂರಲ್ಲ. ಮನೆಗೆ ಬಂದ ಮೇಲೆ ಮಕ್ಕಳು ಮತ್ತೆ ಅದನ್ನೇ ಹಿಡಿದರು. ಆದರೆ ನಮ್ಮ ಸಂಸಾರಕ್ಕೆ ಕನ್ನಡದಲ್ಲಿ ಎಂಟು ತಾಸು ಒಟ್ಟಿಗೆ ಕೂಡುವ ಕೋಣೆ ಬೇರೆ ಇಲ್ಲ, ಈ ಕಾರೊಂದೇ. ಅದರೊಳಗೆ ಎಲ್ಲರೂ ಒಂದೊಂದು ಪರದೆ ನೋಡುತ್ತ ಕೂತರೆ ಆ ಕೋಣೆಗೂ ಬೀಗ ಬಿದ್ದಂತೆ.

ಹಳೆಯ ಬ್ಯಾಂಕ್ ಡೈರಿಯೊಂದರಲ್ಲಿ ಹೊಳೆಗಳ ಹೆಸರನ್ನು ದಪ್ಪ ಕನ್ನಡ ಅಕ್ಷರಗಳಲ್ಲಿ ಬರೆದು ಕಾರಿನಲ್ಲಿ ಇಟ್ಟಿದ್ದೇನೆ. ಮಕ್ಕಳಿಗಾಗಿ ಅಂತಲೇ ಬರೆದದ್ದು. ಮೊನ್ನೆ ಗಾಡಿಯಿಂದ ಛತ್ರಿ ತರಲು ಕೆಳಗೆ ಹೋದಾಗ ಮಗ ಒಬ್ಬನೇ ಸೀಟಿನಲ್ಲಿ ಕೂತು, ಬೆರಳಿಟ್ಟು ಓದುತ್ತಿದ್ದ: “ಮ... ಲ... ಪ್ರ...” ನಾನು ಕರೆಯಲಿಲ್ಲ. ಛತ್ರಿ ಇಲ್ಲದೆಯೇ ಹಾಲು ತರಲು ಹೋದೆ.