ಮಗು ಅತ್ತಾಗ ಬರುತ್ತಿದ್ದ ಸಿಟ್ಟು

ಮಗಳು ಹುಟ್ಟಿದಾಗ ನನಗೆ ಪ್ರೀತಿ ಉಕ್ಕಲಿಲ್ಲ. ಮೊದಲು ಭಯ ಬಂತು, ಆಮೇಲೆ ಸಿಟ್ಟು. ಹಾಸನದ ತವರುಮನೆಯಲ್ಲಿ ಬಾಣಂತನಕ್ಕೆ ಯಾವ ಕೊರತೆಯೂ ಇರಲಿಲ್ಲ. ಮೆಣಸಿನ ಸಾರು, ತುಪ್ಪ, ಸಾಂಬ್ರಾಣಿ ಹೊಗೆ, ಕಿವಿ ಮುಚ್ಚುವಂತೆ ತಲೆಗೆ ಬಿಗಿದ ಬಟ್ಟೆ. ನೋಡಲು ಬಂದವರು ಮಗುವಿನ ಮೂಗು ಯಾರದು, ಹಾಲು ಸಾಕಾಗುತ್ತಾ ಎಂದು ಕೇಳಿ, ಪುಟ್ಟ ಕೈಗೆ ದುಡ್ಡಿಟ್ಟು ಹೋಗುತ್ತಿದ್ದರು. ನನ್ನನ್ನು ವಿಚಾರಿಸಿದವರಿಗೆ ‘ಚೆನ್ನಾಗಿದ್ದೀನಿ’ ಅನ್ನುತ್ತಿದ್ದೆ.

ರಾತ್ರಿ ಅಳು ಶುರುವಾದರೆ ನನ್ನ ಹಲ್ಲು ತಾನಾಗಿ ಕಚ್ಚಿಕೊಳ್ಳುತ್ತಿತ್ತು. ಮೊಲೆತೊಟ್ಟು ಒಡೆದು ಉರಿಯುತ್ತಿತ್ತು. ಹಾಲೂಡಿಸುತ್ತಾ ಕೂತಾಗ ಹಿತ್ತಲ ಬಾವಿ ಕಣ್ಣಮುಂದೆ ಬರುತ್ತಿತ್ತು. ಹಿತ್ತಲ ಬಾಗಿಲಿಗೆ ನಾನೇ ಎದ್ದು ಹೋಗಿ ಚಿಲಕ ಹಾಕಿ ಬರುತ್ತಿದ್ದೆ, ಯಾಕೆಂದು ಯಾರಿಗೂ ಹೇಳದೆ. ಹೆತ್ತವಳಿಗೆ ಇಂಥ ಯೋಚನೆ ಬರುವುದುಂಟೇ ಎಂಬ ನಾಚಿಕೆ ಆ ಯೋಚನೆಗಿಂತ ಹೆಚ್ಚು ಸುಡುತ್ತಿತ್ತು. ಬುದ್ಧ ಎರಡು ಬಾಣಗಳ ಮಾತು ಹೇಳಿದ್ದಾನೆಂದು ಎಷ್ಟೋ ದಿನದ ಮೇಲೆ ಓದಿದೆ: ನೋವು ಮೊದಲನೆಯದು, ಅದನ್ನು ಹಿಡಿದುಕೊಂಡು ಮನಸ್ಸು ತನಗೇ ಹೊಡೆದುಕೊಳ್ಳುವುದು ಎರಡನೆಯದು. ಓದಿದ ಕೂಡಲೇ ಆ ಚಿಲಕ ನೆನಪಾಯಿತು.

ನೀರು ಹಾಕಲು ಬರುತ್ತಿದ್ದ ಅಜ್ಜಿಯೊಬ್ಬರಿದ್ದರು. ಬಚ್ಚಲಲ್ಲಿ ಮಣೆಯ ಮೇಲೆ ಕಾಲು ಚಾಚಿ ಕೂತು, ಸೀರೆಯನ್ನು ಮಂಡಿಯ ಮೇಲಕ್ಕೆ ಸರಿಸಿ, ಮೊದಲು ತಮ್ಮ ಕಾಲಿನ ಮೇಲೆ ಒಂದು ಚೊಂಬು ಸುರಿದುಕೊಂಡು ಬಿಸಿ ನೋಡುತ್ತಿದ್ದರು. ಆಮೇಲೆಯೇ ಮಗುವನ್ನು ಕಾಲಿನ ಮೇಲೆ ಮಲಗಿಸಿಕೊಳ್ಳುವುದು. ತಲೆಗೆ ನೀರು ಹಾಕುವಾಗ ಎಡಗೈ ಹಣೆಗೆ ಅಡ್ಡ, ಒಂದು ಹನಿಯೂ ಕಣ್ಣಿಗೆ ಇಳಿಯದಂತೆ. ಮಗು ಕಿರುಚಿದರೂ ಅವರ ಕೈ ಅವಸರಪಡುತ್ತಿರಲಿಲ್ಲ. ಒಂದು ದಿನ ನನ್ನ ಬೆನ್ನಿಗೆ ಎರೆಯುತ್ತಿದ್ದಾಗ ಬಾಯಿಬಿಟ್ಟೆ: “ಅಜ್ಜಿ, ಈ ಮಗು ನಂಗೆ ಬೇಡ ಅನ್ಸುತ್ತೆ.” ಎರೆಯುವ ಕೈ ನಿಲ್ಲಲಿಲ್ಲ. “ಅನ್ಸುತ್ತೆ ಕಣವ್ವ. ಒಬ್ಳೇ ಇಟ್ಕೋಬ್ಯಾಡ. ನಿಮ್ಮಮ್ಮಂಗೆ ನಾನೇ ಹೇಳ್ತೀನಿ, ಡಾಕ್ಟ್ರತ್ರ ಹೋಗಿ ಬಾ.”

ಅಮ್ಮ ಅತ್ತಳು, ಆದರೆ ಬೈಯಲಿಲ್ಲ. ಹೆರಿಗೆಯಾದ ಹೊಸದರಲ್ಲಿ ಬರುವ ಅಳು ಸಾಮಾನ್ಯವಾಗಿ ಎರಡು ವಾರದೊಳಗೆ ಇಳಿಯುತ್ತದೆ, ನಿನ್ನದು ಅದಲ್ಲ, ಖಿನ್ನತೆ ಎಂದರು ವೈದ್ಯರು. ಮಾತ್ರೆ ಕೊಟ್ಟರು. ವಾರಕ್ಕೊಮ್ಮೆ ಆಪ್ತಸಮಾಲೋಚಕಿಯೊಬ್ಬರ ಎದುರು ಕೂತು ಮಾತಾಡುವ ಏರ್ಪಾಟೂ ಆಯಿತು.

ಡೊನಾಲ್ಡ್ ವಿನಿಕಾಟ್‌ನ ಹೆಸರು ಕೇಳಿದ್ದು ಅವರಿಂದಲೇ. ಮಕ್ಕಳ ವೈದ್ಯನಾಗಿದ್ದು ಮನೋವಿಶ್ಲೇಷಕನಾದ ಈ ಇಂಗ್ಲೆಂಡಿನವನು, 1949ರಲ್ಲಿ ಪ್ರಕಟವಾದ ಒಂದು ಪ್ರಬಂಧದಲ್ಲಿ, ತಾಯಿಗೆ ತನ್ನ ಕೂಸಿನ ಮೇಲೆ ದ್ವೇಷ ಹುಟ್ಟಲು 18 ಕಾರಣಗಳನ್ನು ಪಟ್ಟಿ ಮಾಡಿದ್ದಾನೆ. ಕೂಸು ಮೊಲೆತೊಟ್ಟನ್ನು ನೋಯಿಸುತ್ತದೆ ಎನ್ನುವುದೂ ಅದರಲ್ಲಿದೆ. ಅದನ್ನು ಓದಿದ ಮಧ್ಯಾಹ್ನ ನಾನು ಸೆರಗು ಬಾಯಿಗಿಟ್ಟುಕೊಂಡು ಅತ್ತೆ. ದ್ವೇಷವನ್ನು ಮಗುವಿನ ಮೇಲೆ ತೀರಿಸಿಕೊಳ್ಳದೆ, ಇದೆ ಎಂದು ಒಪ್ಪಿಕೊಂಡು ತಾಳಿಕೊಳ್ಳುವುದೇ ತಾಯಿಯ ದೊಡ್ಡ ಕೆಲಸ ಎಂದವನು ಅವನು. ಬರೀ ಭಾವುಕತೆಯಿಂದ ಮಕ್ಕಳಿಗೆ ಉಪಯೋಗವಿಲ್ಲ ಎಂದೂ ಹೇಳಿದ. ತಾಯ್ತನವನ್ನು ಹಾಡಿ ಹೊಗಳುವ ನಮ್ಮ ಸಿನಿಮಾ, ಭಾಷಣಗಳಲ್ಲಿ ಈ ಒಂದು ಮಾತು ಸಿಕ್ಕಿದ್ದರೆ ನಾನು ಅಷ್ಟು ದಿನ ಬಾಯಿ ಮುಚ್ಚಿಕೊಂಡಿರುತ್ತಿರಲಿಲ್ಲ.

1897ರಲ್ಲಿ ಮಥುರಾದಲ್ಲಿ ಹುಟ್ಟಿದ ವಿಲ್ಫ್ರೆಡ್ ಬಿಯಾನ್ ಎಂಬ ಇನ್ನೊಬ್ಬ ಮನೋವಿಶ್ಲೇಷಕನ ಪ್ರಕಾರ, ಕೂಸು ತಾಳಲಾರದ ಭಯವನ್ನು ತಾಯಿ ತನ್ನೊಳಗೆ ತೆಗೆದುಕೊಂಡು, ಅದು ತಾಳುವಷ್ಟು ಮಾಡಿ ಹಿಂದಿರುಗಿಸುತ್ತಾಳೆ. ಬಚ್ಚಲಲ್ಲಿ ಅಜ್ಜಿ ನನಗೆ ಮಾಡಿದ್ದು ಅದನ್ನೇ. ಅವರ ಕೈ ಅಲ್ಲಿ ನಿಂತುಬಿಟ್ಟಿದ್ದರೆ ನಾನು ಮುಂದಕ್ಕೆ ಮಾತಾಡುತ್ತಿರಲಿಲ್ಲ.

ಬೆಂಗಳೂರಿಗೆ ಮರಳಿದ ಮೇಲೆ, ಮಗಳು ಅಂಬೆಗಾಲಿಡುವ ಹೊತ್ತಿಗೆ, ಗಾಂಧಿನಗರದ ಮಹಾಬೋಧಿ ಸೊಸೈಟಿಗೆ ಧ್ಯಾನಕ್ಕೆಂದು ಹೋಗತೊಡಗಿದೆ. ಮೈತ್ರಿಭಾವನೆಯನ್ನು ತನ್ನಿಂದಲೇ ಶುರುಮಾಡಬೇಕು ಎಂದು ಐದನೆಯ ಶತಮಾನದ ಬುದ್ಧಘೋಷ ‘ವಿಸುದ್ಧಿಮಗ್ಗ’ದಲ್ಲಿ ವಿಧಿಸಿದ್ದಾನೆ. ನನಗೆ ಅದೇ ಎಲ್ಲಕ್ಕಿಂತ ಕಷ್ಟವಾಯಿತು. ಮಗಳಿಗೆ ಒಳ್ಳೆಯದಾಗಲಿ ಅಂದುಕೊಳ್ಳಬಲ್ಲೆ, ನನಗೆ ಅನ್ನುವಾಗ ಗಂಟಲು ಕಟ್ಟುತ್ತಿತ್ತು. ವೇದನೆಯನ್ನು, ಅಂದರೆ ಮೈಯಲ್ಲಿ ಏಳುವ ಹಿತ-ಅಹಿತದ ಅನುಭವವನ್ನು, ಗಮನಿಸುವ ಅಭ್ಯಾಸ ಮಾತ್ರ ಬೇಗ ಕೈಹಿಡಿಯಿತು. ಅಳು ಕೇಳಿದೊಡನೆ ಸಿಟ್ಟು ಬರುವುದಿಲ್ಲ. ಮೊದಲು ದವಡೆ ಬಿಗಿಯುತ್ತದೆ. ದವಡೆ ಸಡಿಲಿಸಿ ಒಂದು ಉಸಿರು ಬಿಟ್ಟು ಮಗುವನ್ನು ಎತ್ತಿಕೊಂಡರೆ ಕೈ ಬೇರೆಯೇ ಆಗಿರುತ್ತಿತ್ತು. ಅದು ಮಗಳಿಗೆ ನನಗಿಂತ ಮೊದಲೇ ಗೊತ್ತಾಗುತ್ತಿತ್ತು.

ಬೌದ್ಧರು ದ್ವೇಷ ಕರಗಲಿ ಎನ್ನುತ್ತಾರೆ, ವಿನಿಕಾಟ್ ಮೊದಲು ಅದನ್ನು ಗುರುತಿಸು ಎನ್ನುತ್ತಾನೆ. ನನಗೆ ವಿನಿಕಾಟ್ ಮೊದಲು ಬೇಕಾಯಿತು. ಸಿಟ್ಟನ್ನು ಮುಚ್ಚಿಟ್ಟುಕೊಂಡೇ ಮೈತ್ರಿಗೆ ಕೂತಿದ್ದರೆ ಅದೂ ಇನ್ನೊಂದು ‘ಚೆನ್ನಾಗಿದ್ದೀನಿ’ ಆಗುತ್ತಿತ್ತು. ಧ್ಯಾನ ಹಿಡಿದೆನೆಂದು ಮಾತ್ರೆಯನ್ನೂ ಬಿಡಲಿಲ್ಲ. ವೈದ್ಯರು ಹೇಳಿದಾಗ, ಹೇಳಿದಂತೆ ನಿಧಾನವಾಗಿ ಇಳಿಸಿದೆ.

ಈಗ ನಮ್ಮಲ್ಲಿ ಯಾರಿಗೆ ಹೆರಿಗೆಯಾದರೂ ತೊಟ್ಟಿಲಿನ ಹತ್ತಿರ ಹೋಗುವ ಮೊದಲು ಬಾಣಂತಿಯ ಪಕ್ಕ ಕೂರುತ್ತೇನೆ. ನನಗೆ ಹೀಗೆಲ್ಲ ಆಗಿತ್ತು, ಬಾವಿ ಕಾಣುತ್ತಿತ್ತು ಎಂದು ನಾನೇ ಮೊದಲು ಹೇಳುತ್ತೇನೆ. ನಾದಿನಿ ಅದನ್ನು ಕೇಳಿ ಬಹಳ ಹೊತ್ತು ಸುಮ್ಮನಿದ್ದು, “ಅತ್ತಿಗೆ, ನಂಗೂ” ಅಂದಳು. ನಿಮ್ಹಾನ್ಸ್‌ನಲ್ಲಿ ತಾಯಿಯನ್ನೂ ಕೂಸನ್ನೂ ಬೇರೆ ಮಾಡದೆ ಒಟ್ಟಿಗೇ ಇರಿಸಿಕೊಂಡು ನೋಡುವ ವಿಭಾಗ 2009ರಿಂದ ಇದೆ. ನನ್ನ ಬಾಣಂತನದಲ್ಲಿ ಅದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಾದಿನಿಯ ಹೊತ್ತಿಗೆ ಗೊತ್ತಿತ್ತು, ಮಾರನೆಯ ಬೆಳಿಗ್ಗೆಯೇ ಹೊರಟೆವು.